ಮಾನಕ್ಕೂ ಒಂದು ಮುಹೂರ್ತ

ದಾವಣಗೆರೆಯ ವಾಚಕರೊಬ್ಬರು ಈ ಅಂಕಣಕ್ಕೆ ಬರೆದ ಪತ್ರದಲ್ಲಿ ಒಂದು ಅಹವಾಲನ್ನು ಒಪ್ಪಿಸಿದ್ದಾರೆ. ಅವರ ಮಗ ಪಿ.ಯು.ಸಿ. ಮೊದಲನೆಯ ವರ್ಷದಲ್ಲಿ ವಿಜ್ಞಾನವನ್ನು ಓದುತ್ತಿದ್ದಾನೆ. ಕಾಲೇಜು ತೆರೆದ ಎರಡನೆಯ ವಾರಕ್ಕೇ ಅವನ ಮೇಜಿನ ಮುಂದಿನ ಗೋಡೆಗೆ ಒಂದು ಪಟ್ಟಿ ಅಂಟಿಕೊಂಡಿತಂತೆ: ಖಗೋಳಮಾನ, ಜ್ಯೋತಿರ್ವರ್ಷ, ಪಾರ್ಸೆಕ್, ಆಂಗ್‌ಸ್ಟ್ರಮ್, ಫರ್ಮಿ, ಬಾರ್ನ್ ಮುಂತಾಗಿ, ಪ್ರತಿಯೊಂದರ ಎದುರಿಗೂ ಹತ್ತರ ತಲೆಯ ಮೇಲೊಂದು ಘಾತ. ಹುಡುಗ ಬೆಳಗ್ಗೆ ಹಲ್ಲುಜ್ಜುತ್ತ ಅದನ್ನು ಮಗ್ಗಿಯಂತೆ ಒಪ್ಪಿಸುತ್ತಾನೆ. “ಪಾರ್ಸೆಕ್ ಎಂದರೆ ಏನೋ?” ಎಂದು ತಂದೆ ಕೇಳಿದರೆ, “ಮೂರು ಪಾಯಿಂಟ್ ಸೊನ್ನೆ ಎಂಟು ಇಂಟು ಹತ್ತರ ಘಾತ ಹದಿನಾರು ಮೀಟರ್” ಎನ್ನುತ್ತಾನೆ. “ಸರಿ, ಅಷ್ಟೇ ಏಕೆ?” ಎಂದರೆ, “ಪುಸ್ತಕದಾಗ ಹಂಗೈತಿ ಅಪ್ಪಾಜಿ” ಎಂಬ ಉತ್ತರ. “ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿವೆ. ಹನ್ನೆರಡೂ ಅವನಿಗೆ ಬರುತ್ತವೆ, ಒಂದೂ ಅವನಿಗೆ ತಿಳಿಯದು. ಇವನ್ನೆಲ್ಲ ಮಕ್ಕಳಿಗೆ ಕಲಿಸಲೇಬೇಕೆ? ಕಲಿಸುವುದಾದರೆ ಯಾವಾಗ?” ಎಂದು ಪತ್ರ ಮುಗಿಯುತ್ತದೆ.

ಪ್ರಶ್ನೆ ಭೌತಶಾಸ್ತ್ರದ್ದು, ಉತ್ತರವನ್ನು ಕೇಳಿರುವುದು ಕನ್ನಡ ಮೇಷ್ಟರನ್ನು. ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು ಈ ಪತ್ರವನ್ನು ಓದಿ, “ಇನ್ನು ಮೇಲೆ ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳಲು ನಮ್ಮನ್ನು ಕರೆಯುವಿರೇನೋ” ಎಂದು ನಕ್ಕರು. ನಗಲಿ. ಪಾರ್ಸೆಕ್ ಎಂಬುದು ವಿದ್ಯಾರ್ಥಿಯ ಪಾಲಿಗೆ ಅಳತೆಯಾಗುವುದಕ್ಕೆ ಮೊದಲು ಒಂದು ಶಬ್ದ. ಒಂದು ಶಬ್ದವನ್ನು ಎಳೆಯರ ಕಿವಿಗೆ ಯಾವ ಹೊತ್ತಿನಲ್ಲಿ ಹಾಕಬೇಕೆಂಬುದು ಭಾಷೆಯ ಅಧ್ಯಾಪಕನು ದಿನವೂ ಎದುರಿಸುವ ಸಮಸ್ಯೆಯೇ ಆಗಿದೆ. ಆ ಧೈರ್ಯದಿಂದ ಬರೆಯುತ್ತಿದ್ದೇನೆ. ಅಂಕಿಗಳನ್ನು ಮಾತ್ರ ನಕ್ಕ ಮಿತ್ರರಿಗೇ ತೋರಿಸಿ ಒಪ್ಪಿಗೆಯನ್ನು ಪಡೆದಿದ್ದೇನೆ.

ಮೊದಲು ಮನೆಯ ಸುತ್ತಲಿನ ಮಾನಗಳನ್ನು ನೋಡೋಣ. ಹೂವಾಡಗಿತ್ತಿ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುತ್ತಾಳೆ, ಮಾರಿನಲ್ಲಿಯೂ ಮಾರುತ್ತಾಳೆ. ಆಭರಣದಂಗಡಿಯಲ್ಲಿ ಚಿನ್ನಕ್ಕೆ ಗ್ರಾಂ, ವಜ್ರಕ್ಕೆ ಕ್ಯಾರೆಟ್. ಊರಿನ ಹೊಲ ಎಕರೆ ಗುಂಟೆಗಳಲ್ಲಿ, ಪಟ್ಟಣದ ನಿವೇಶನ ಚದರಡಿಯಲ್ಲಿ. ಇವೆಲ್ಲ ಒಂದೊಂದು ಕಸುಬಿಗೆ ಮೀಸಲಾದ ವಿಶೇಷ ಮಾನಗಳೇ. ಇವುಗಳ ಪಟ್ಟಿಯನ್ನು ಯಾವ ತಾಯಿಯೂ ಮಗುವಿನ ತೊಟ್ಟಿಲಿಗೆ ಕಟ್ಟಲಿಲ್ಲ. ಅಮ್ಮನ ಜೊತೆಯಲ್ಲಿ ಹೂವಿಗೆ ಹೋದ ಹುಡುಗಿ, ಮೊಣಕೈಯಿಂದ ಬೆರಳ ತುದಿಯ ವರೆಗೆ ದಂಡೆ ಎಳೆದದ್ದನ್ನು ಕಣ್ಣಾರೆ ಕಂಡಳು. ಹೂವಾಡಗಿತ್ತಿಯ ಕೈ ಗಿಡ್ಡವಾದರೆ ಅಮ್ಮ ತನ್ನ ಕೈಯನ್ನು ಮುಂದೆ ಚಾಚಿ ಜಗಳ ಕಾದದ್ದನ್ನೂ ಕಂಡಳು. ಮೊಳ ಎಂದರೇನು, ಅದರ ಗುಣವೇನು, ದೋಷವೇನು ಎಂಬುದೆಲ್ಲ ಒಂದೇ ಸಂಜೆಯಲ್ಲಿ ತಿಳಿದುಹೋಯಿತು. ೪೦ ಗುಂಟೆಗೆ ಒಂದು ಎಕರೆ ಎಂಬುದನ್ನು ಅಣ್ಣತಮ್ಮಂದಿರ ಪಾಲುಪಟ್ಟಿಯ ದಿನ ಕಲಿತವನು ಅದನ್ನು ಜೀವಮಾನದಲ್ಲಿ ಮರೆಯುವುದುಂಟೆ?

ಹಾಗೆಂದು ಮಾನಗಳ ಪಟ್ಟಿಯನ್ನು ಪುಸ್ತಕದ ಮೊದಲಿಗೆ ಇಡುವ ಪದ್ಧತಿಯನ್ನು ಇಂದಿನವರು ಕಂಡುಹಿಡಿದರೆಂದು ದೂರಬೇಕಾಗಿಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಮೊದಲನೆಯ ಅಧ್ಯಾಯವೇ ಸಂಜ್ಞಾಧಿಕಾರ. ಅಲ್ಲಿ ಕ್ಷೇತ್ರದ ಪರಿಭಾಷೆ, ಕಾಲದ ಪರಿಭಾಷೆ, ಧಾನ್ಯದ, ಚಿನ್ನದ, ಬೆಳ್ಳಿಯ, ಲೋಹದ ಪರಿಭಾಷೆ ಎಂದು ಮಾನಗಳು ಸಾಲುಗಟ್ಟಿ ಬರುತ್ತವೆ. ಉದ್ದಳತೆಯಂತೂ ಅಣುವಿನಿಂದ ಹೊರಟು ಯೋಜನದ ವರೆಗೆ ಬೆಳೆಯುತ್ತದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದಾಗ ಅವನ ಕಣ್ಣ ಮುಂದಿದ್ದುದೂ, ಹೆಸರೇ ಹೇಳುವಂತೆ, ಕೊಡುವ ಕೊಳ್ಳುವ ಲೋಕವೇ. ಆದರೆ ಒಂದು ಅಂತರವುಂಟು. ಮಹಾವೀರನ ಶಿಷ್ಯನು ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕೆ ಮೊದಲೇ ಧಾನ್ಯವನ್ನು ಅಳೆಯುವುದನ್ನು ಕಣದಲ್ಲಿ ನೋಡಿದ್ದನು, ಚಿನ್ನವನ್ನು ತೂಗುವುದನ್ನು ಅಂಗಡಿಯಲ್ಲಿ ನೋಡಿದ್ದನು. ಗೊತ್ತಿದ್ದುದನ್ನೇ ಪಟ್ಟಿ ಒಪ್ಪಮಾಡಿ ಜೋಡಿಸಿಕೊಟ್ಟಿತು. ದಾವಣಗೆರೆಯ ಹುಡುಗನ ಪಟ್ಟಿ ಇದಕ್ಕೆ ತಿರುವುಮುರುವು: ಹೆಸರು ಮೊದಲು ಬರುತ್ತದೆ, ಅಂಕಿ ಅದರ ಹಿಂದೆ ಬರುತ್ತದೆ, ಅಳೆಯುವ ಕೆಲಸ ಬರುವುದೇ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ವಿಶೇಷ ಮಾನವೊಂದನ್ನು ಕಲಿಸುವುದಕ್ಕೆ ತಕ್ಕ ಮುಹೂರ್ತವೆಂದರೆ, ಯಾವ ಅಳತೆಯಿಂದ ಅದು ಹುಟ್ಟಿತೋ ಆ ಅಳತೆಯನ್ನು ವಿದ್ಯಾರ್ಥಿ ಒಮ್ಮೆಯಾದರೂ, ಒರಟಾಗಿಯಾದರೂ, ತಾನೇ ಮಾಡಿ ನೋಡಿದ ಮರುಗಳಿಗೆ. ‘ದೊಡ್ಡ ಸಂಖ್ಯೆಗಳನ್ನು ಬರೆಯುವುದು ಕಷ್ಟ, ಅದಕ್ಕಾಗಿ ದೊಡ್ಡ ಮಾನ’ ಎಂದು ಪುಸ್ತಕಗಳು ಸಾಮಾನ್ಯವಾಗಿ ಕಾರಣ ಹೇಳುತ್ತವೆ. ಇದು ಅರ್ಧ ಸತ್ಯ. ಸೊನ್ನೆಗಳ ಹೊರೆಯನ್ನು ಇಳಿಸುವುದಕ್ಕೆ ಹತ್ತರ ಘಾತ ಸಾಕು; ಆ ಕೆಲಸಕ್ಕೆ ಪಾರ್ಸೆಕ್ ಎಂಬ ಇನ್ನೊಬ್ಬ ಆಳು ಬೇಕಾಗಿಲ್ಲ. ಒಂದೊಂದು ಮಾನವೂ ಅದನ್ನು ಹುಟ್ಟಿಸಿದವರು ಏನನ್ನು ಅಳೆಯಬಲ್ಲವರಾಗಿದ್ದರು, ಏನನ್ನು ಅಳೆಯಲಾರದೆ ಹೋದರು ಎಂಬುದರ ಗುರುತಾಗಿದೆ. ಆ ಗುರುತನ್ನು ಅಳಿಸಿ ಅಂಕಿಯನ್ನಷ್ಟೇ ಕೊಟ್ಟರೆ ಬೀಜವನ್ನು ತೆಗೆದು ಹೊಟ್ಟನ್ನು ಕೊಟ್ಟಂತಾಯಿತು.

ಜ್ಯೋತಿರ್ವರ್ಷವನ್ನು ತೆಗೆದುಕೊಳ್ಳಿ. ಇದನ್ನು ಬೇಗನೆ, ಆರು ಏಳನೆಯ ತರಗತಿಗಳಲ್ಲಿಯೇ ಕಲಿಸಬಹುದು. ಏಕೆಂದರೆ ದಾರಿಯನ್ನು ಹೊತ್ತಿನಿಂದ ಅಳೆಯುವುದು ನಮ್ಮ ಜನಕ್ಕೆ ಹುಟ್ಟಿನಿಂದ ಬಂದ ಅಭ್ಯಾಸ. ಬೀದರ್ ಎಷ್ಟು ದೂರವೆಂದು ಬೆಂಗಳೂರಿನವರನ್ನು ಕೇಳಿದರೆ ‘ಒಂದು ರಾತ್ರಿಯ ಪ್ರಯಾಣ’ ಎನ್ನುತ್ತಾರೆಯೇ ಹೊರತು ಕಿಲೋಮೀಟರುಗಳನ್ನು ಹೇಳುವವರು ವಿರಳ. ಹಿಂದೆ ‘ಎರಡು ದಿನದ ಹಾದಿ’ ಎನ್ನುತ್ತಿದ್ದರು. ‘ಕೂಗಳತೆ’ ಎಂಬ ಸೊಗಸಾದ ಮಾತು ನಮ್ಮಲ್ಲಿದೆ: ಒಬ್ಬನು ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ. ಕೂಗಿನಿಂದ ನೆಲವನ್ನು ಅಳೆದ ಭಾಷೆಗೆ ಬೆಳಕಿನಿಂದ ಆಕಾಶವನ್ನು ಅಳೆಯುವುದು ಹೊಸತೇನಲ್ಲ. ಜ್ಯೋತಿರ್ವರ್ಷವೆಂದರೆ ಬೆಳಕಿನ ಒಂದು ವರ್ಷದ ಹಾದಿ, ಅಷ್ಟೇ.

ಆದರೆ ಗುಣಾಕಾರವನ್ನು ಮಗುವೇ ಮಾಡಬೇಕು. ಬೆಳಕು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ಹೋಗುತ್ತದೆ. ನಿಮಿಷಕ್ಕೆ ೧ ಕೋಟಿ ೮೦ ಲಕ್ಷ. ಗಂಟೆಗೆ ೧೦೮ ಕೋಟಿ. ದಿನಕ್ಕೆ ೨,೫೯೨ ಕೋಟಿ. ವರ್ಷಕ್ಕೆ ಸುಮಾರು ೯ ಲಕ್ಷ ೪೬ ಸಾವಿರ ಕೋಟಿ. ಕೊನೆಯ ಸಾಲನ್ನು ಬರೆದು ಪೆನ್ಸಿಲನ್ನು ಕೆಳಗಿಟ್ಟ ಮಗುವಿಗೆ, ಸೂರ್ಯನ ಬೆಳಕು ನಮ್ಮನ್ನು ತಲಪಲು ೮ ನಿಮಿಷ ೨೦ ಸೆಕೆಂಡು ಸಾಕೆಂದೂ, ಸೂರ್ಯನನ್ನು ಬಿಟ್ಟರೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯ ಬೆಳಕಿಗೆ ನಾಲ್ಕೂಕಾಲು ವರ್ಷ ಬೇಕೆಂದೂ ಹೇಳಿ ನೋಡಿ. ಆ ಮಗು ಬಿಡುವ ನಿಟ್ಟುಸಿರೇ ಜ್ಯೋತಿರ್ವರ್ಷದ ಸರಿಯಾದ ವ್ಯಾಖ್ಯಾನ.

ಇಲ್ಲಿ ನಮ್ಮ ವಿಭಾಗಕ್ಕೆ ಸೇರಿದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥ ಪ್ರಧಾನವೆಂದು ಪ್ರೌಢಶಾಲೆಯಲ್ಲಿ ಕಲಿಸುತ್ತೇವೆ. ರಾಜಕುಮಾರ ಎಂದರೆ ಕುಮಾರನೇ ಹೊರತು ರಾಜನಲ್ಲ. ಅದೇ ನ್ಯಾಯದಿಂದ ಜ್ಯೋತಿರ್ವರ್ಷವೂ ಒಂದು ಬಗೆಯ ವರ್ಷವೇ ಆಗಬೇಕಷ್ಟೆ? ‘ಜ್ಯೋತಿರ್ವರ್ಷಗಳ ಹಿಂದೆ’ ಎಂದು ವೇದಿಕೆಯ ಮೇಲೆ ಗುಡುಗುವ ಭಾಷಣಕಾರರು ವಿಜ್ಞಾನಕ್ಕೆ ಅಪಚಾರ ಮಾಡಿದರೂ ವ್ಯಾಕರಣಕ್ಕೆ ನಿಷ್ಠರಾಗಿದ್ದಾರೆ. ಜ್ಯೋತಿರ್ವರ್ಷವನ್ನು ಕಾಲವೆಂದು ಬರೆದ ವಿದ್ಯಾರ್ಥಿಗೆ ಭೌತಶಾಸ್ತ್ರದಲ್ಲಿ ಸೊನ್ನೆ, ಸಮಾಸದಲ್ಲಿ ಪೂರ್ಣಾಂಕ! ಹೆಸರನ್ನು ಮೊದಲು ಕೊಟ್ಟರೆ ಆಗುವ ಅನರ್ಥವಿದು. ‘ಹಾದಿ’ ಎಂಬ ಮಾತನ್ನು ಮೊದಲು ಹೇಳಿ, ಹಾದಿಯ ಲೆಕ್ಕವನ್ನು ಮಾಡಿಸಿ, ಆಮೇಲೆ ಜ್ಯೋತಿರ್ವರ್ಷವೆಂಬ ಹೆಸರನ್ನು ತಂದರೆ ಸಮಾಸ ಮಗುವನ್ನು ದಾರಿ ತಪ್ಪಿಸದು.

ಖಗೋಳಮಾನದ ಕಥೆ ಬೇರೆ. ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರಕ್ಕೆ ಈ ಹೆಸರು ಎಂದು ಪಟ್ಟಿ ಹೇಳುತ್ತದೆ. ಸುಮಾರು ೧೫ ಕೋಟಿ ಕಿಲೋಮೀಟರ್. ಸಂಖ್ಯೆ ದೊಡ್ಡದೆಂದು ಈ ಮಾನ ಹುಟ್ಟಲಿಲ್ಲ. ಸಂಖ್ಯೆ ಗೊತ್ತಿಲ್ಲದೆ ಹುಟ್ಟಿತು. ೧೫೪೩ರಲ್ಲಿ ಕೋಪರ್ನಿಕಸನ ಗ್ರಂಥ ಅಚ್ಚಾದಾಗಲೇ ಗ್ರಹಗಳ ದೂರಗಳ ಪ್ರಮಾಣ ಸಿಕ್ಕಿತ್ತು. ಭೂಮಿಯ ದೂರವನ್ನು ಒಂದು ಎಂದು ಹಿಡಿದರೆ ಶುಕ್ರ ೦.೭೨ರಲ್ಲಿ, ಮಂಗಳ ೧.೫೨ರಲ್ಲಿ, ಗುರು ೫.೨ರಲ್ಲಿ. ಆ ‘ಒಂದು’ ಎಷ್ಟು ಮೈಲಿಯೆಂದು ಮಾತ್ರ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಭೂಪಟವಿತ್ತು, ಭೂಪಟದ ಮೂಲೆಯಲ್ಲಿ ಬರೆಯುವ ಅಳತೆಯ ಪಟ್ಟಿ ಇರಲಿಲ್ಲ.

ಇದನ್ನು ಕಲಿಸುವ ಮುಹೂರ್ತ ಹತ್ತನೆಯ ತರಗತಿಯಲ್ಲಿದೆ. ತ್ರಿಕೋನಮಿತಿಯ ಸೈನ್ ಎಂಬುದು ಕೈಗೆ ಸಿಕ್ಕಿದ ಮರುದಿನ. ಶುಕ್ರಗ್ರಹವನ್ನು ನಡುರಾತ್ರಿ ನೆತ್ತಿಯ ಮೇಲೆ ಕಂಡವರಿಲ್ಲ. ಅದು ಬೆಳಗಿನ ಬೆಳ್ಳಿಯಾಗಿಯೋ ಸಂಜೆಯ ಚುಕ್ಕಿಯಾಗಿಯೋ ಸೂರ್ಯನ ಸೆರಗನ್ನು ಹಿಡಿದೇ ಇರುತ್ತದೆ; ಹೆಚ್ಚೆಂದರೆ ಸುಮಾರು ೪೬ ಡಿಗ್ರಿ ಆಚೆಗೆ ಸರಿದು ಮತ್ತೆ ಹಿಂತಿರುಗುತ್ತದೆ. ಹಾಳೆಯ ಮೇಲೆ ಭೂಮಿಯಿಂದ ಸೂರ್ಯನಿಗೆ ೧೦ ಸೆಂಟಿಮೀಟರಿನ ಗೆರೆಯನ್ನೆಳೆಯಿರಿ. ಭೂಮಿಯ ಬಳಿ ೪೬ ಡಿಗ್ರಿಯ ಕೋನದಲ್ಲಿ ಇನ್ನೊಂದು ಗೆರೆ. ಸೂರ್ಯನಿಂದ ಆ ಗೆರೆಗೆ ಲಂಬ. ಲಂಬ ಮುಟ್ಟಿದ ಕಡೆ ಶುಕ್ರನಿದ್ದಾನೆ. ಅಳೆದು ನೋಡಿದರೆ ೭.೨ ಸೆಂಟಿಮೀಟರ್! ಕೋಪರ್ನಿಕಸನ ೦.೭೨ ಹುಡುಗನ ಸ್ಕೇಲಿನ ಮೇಲೆ ಬಂದು ಕುಳಿತಿತು. ಆಗ ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಈ ಹತ್ತು ಸೆಂಟಿಮೀಟರು ನಿಜವಾಗಿ ಎಷ್ಟು ಕಿಲೋಮೀಟರು ಸಾರ್?” ಆ ಪ್ರಶ್ನೆ ಬಂದಾಗ ಮೇಷ್ಟರು ತಟ್ಟನೆ ಉತ್ತರವನ್ನು ಹೇಳಿಬಿಡಬಾರದು. “ಈ ಚಿತ್ರದಿಂದ ಅದು ತಿಳಿಯದು, ಸದ್ಯಕ್ಕೆ ಒಂದು ಎನ್ನೋಣ” ಎನ್ನಬೇಕು. ಖಗೋಳಮಾನ ಹುಟ್ಟಿದ್ದು ಹಾಗೆಯೇ.

ಆ ಒಂದನ್ನು ಮೈಲಿಗಳಾಗಿ ಬಿಡಿಸುವುದಕ್ಕೆ ಪಟ್ಟ ಪಾಡಂತೂ ಒಂದು ಧಾರಾವಾಹಿಗೆ ಸಾಕಾಗುವಷ್ಟಿದೆ. ಶುಕ್ರನು ಸೂರ್ಯಬಿಂಬವನ್ನು ಹಾಯುವಾಗ ಭೂಮಿಯ ದೂರದೂರದ ಸ್ಥಳಗಳಿಂದ ನೋಡಿ ಹೋಲಿಸಿದರೆ ಲೆಕ್ಕ ಬಗೆಹರಿಯುವುದೆಂದು ೧೭೧೬ರಲ್ಲಿ ಹ್ಯಾಲಿ ಸೂಚಿಸಿದ್ದನು. ಅಂಥ ಸಂಕ್ರಮಣಗಳು ೧೭೬೧ರಲ್ಲಿ ಒಂದು, ೧೭೬೯ರಲ್ಲಿ ಒಂದು ನಡೆದವು. ಫ್ರಾನ್ಸಿನ ಲ ಜಾಂಟೀಲ್ ಎಂಬ ಜ್ಯೋತಿರ್ವಿದನು ಪಾಂಡಿಚೇರಿಯಿಂದ ನೋಡಬೇಕೆಂದು ೧೭೬೦ರಲ್ಲಿ ಹಡಗು ಹತ್ತಿದನು. ಅಷ್ಟರಲ್ಲಿ ಪಾಂಡಿಚೇರಿಯನ್ನು ಇಂಗ್ಲಿಷರು ಹಿಡಿದಿದ್ದರು. ಸಂಕ್ರಮಣದ ದಿನ ಅವನು ನಡುಗಡಲಿನಲ್ಲಿದ್ದನು. ಓಲಾಡುವ ಹಡಗಿನ ಮೇಲಿಂದ ಮಾಡಿದ ಅಳತೆ ಯಾವ ಕೆಲಸಕ್ಕೂ ಬಾರದು. ಊರಿಗೆ ಹಿಂತಿರುಗದೆ ಅವನು ಎಂಟು ವರ್ಷ ಈ ಕಡೆಯ ಸಮುದ್ರಗಳಲ್ಲಿಯೇ ಉಳಿದು ಮುಂದಿನದಕ್ಕಾಗಿ ಕಾದನು. ೧೭೬೯ರ ಜೂನ್ ತಿಂಗಳ ಆ ಬೆಳಗ್ಗೆ ಪಾಂಡಿಚೇರಿಯಲ್ಲಿ ಎಲ್ಲ ಸಿದ್ಧತೆಗಳೊಡನೆ ನಿಂತನು, ಮೋಡ ಕವಿಯಿತು. ೧೭೭೧ರಲ್ಲಿ ಊರಿಗೆ ಮರಳಿದಾಗ ಅಲ್ಲಿ ಅವನು ಸತ್ತನೆಂದು ತೀರ್ಮಾನವಾಗಿತ್ತು. ಅದೇ ೧೭೬೯ರಲ್ಲಿ ಕ್ಯಾಪ್ಟನ್ ಕುಕ್ ತಾಹಿತಿ ದ್ವೀಪದಿಂದ ಸಂಕ್ರಮಣವನ್ನು ನೋಡಿದನು. ಹಲವರ ಅಳತೆಗಳನ್ನು ಕೂಡಿಸಿದಾಗ ಸುಮಾರು ೧೫ ಕೋಟಿ ಕಿಲೋಮೀಟರಿನ ಉತ್ತರ ಹೊರಟಿತು. ನಮ್ಮ ಕಾಲದ ಎರಡು ಶುಕ್ರಸಂಕ್ರಮಣಗಳು ೨೦೦೪ರಲ್ಲಿ ಮತ್ತು ೨೦೧೨ರಲ್ಲಿ ಆಗಿಹೋದವು, ಮುಂದಿನದು ೨೧೧೭ರಲ್ಲಿ. ಆ ೨೦೧೨ರಲ್ಲಿಯೇ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಖಗೋಳಮಾನವೆಂದರೆ ೧,೪೯,೫೯,೭೮,೭೦,೭೦೦ ಮೀಟರ್, ಹೆಚ್ಚಿಲ್ಲ ಕಡಮೆಯಿಲ್ಲ ಎಂದು ಗೊತ್ತುಮಾಡಿತು. ಗೋಡೆಯ ಪಟ್ಟಿಯಲ್ಲಿ ಒಂದು ಸಾಲನ್ನು ತುಂಬಿರುವ ಅಂಕಿಯ ಹಿಂದೆ ಇಷ್ಟು ಜನರ ಆಯುಷ್ಯವಿದೆ.

ಇನ್ನು ಪಾರ್ಸೆಕ್. ಪತ್ರ ಬಂದ ವಾರ ನೆರೆಮನೆಯ ಹುಡುಗಿಯೊಬ್ಬಳನ್ನು ತಾರಸಿಗೆ ಕರೆದು ಇದರ ಪರೀಕ್ಷೆ ಮಾಡಿದೆ. ಅವಳೂ ಮೊದಲನೆಯ ಪಿ.ಯು.ಸಿ.ಯವಳೇ. ಕೈಯನ್ನು ನೀಳವಾಗಿ ಚಾಚಿ ಹೆಬ್ಬೆರಳನ್ನು ನಿಲ್ಲಿಸಿ, ಎದುರುಬೀದಿಯ ತೆಂಗಿನಮರಗಳ ಸಾಲನ್ನು ಒಂದೊಂದು ಕಣ್ಣಿನಿಂದ ನೋಡು ಎಂದೆ. “ಬೆರಳು ಹಾರುತ್ತದೆ ಮಾಮ!” ಎಂದಳು. ಕಣ್ಣುಗಳ ನಡುವಿನ ಅಂತರ ಸುಮಾರು ೬ ಸೆಂಟಿಮೀಟರ್, ಬೆರಳಿನ ದೂರ ಸುಮಾರು ೬೦. ಆರು ಡಿಗ್ರಿಯಷ್ಟು ಹಾರಿತು. ಬಳಿಕ ಬಟ್ಟೆ ಒಣಹಾಕುವ ಕಂಬವನ್ನು ನೋಡಿಸಿದೆ. ಹಾರಿತು, ಆದರೆ ಬಲು ಸ್ವಲ್ಪ. “ಹತ್ತಿರದ್ದು ಹೆಚ್ಚು ಹಾರುತ್ತದೆ, ದೂರದ್ದು ಕಡಮೆ ಹಾರುತ್ತದೆ” ಎಂಬ ಸೂತ್ರವನ್ನು ಅವಳೇ ರಚಿಸಿದಳು. ಈಗ ನಿನ್ನ ಒಂದು ಕಣ್ಣನ್ನು ಜನವರಿಯಲ್ಲಿಯೂ ಇನ್ನೊಂದನ್ನು ಜುಲೈಯಲ್ಲಿಯೂ ಇಡು. ಭೂಮಿ ಸೂರ್ಯನ ಆಚೆ ಪಕ್ಕಕ್ಕೆ ಹೋಗಿರುವುದರಿಂದ ಕಣ್ಣುಗಳ ನಡುವೆ ೩೦ ಕೋಟಿ ಕಿಲೋಮೀಟರ್ ಅಂತರವಾಯಿತು. ಹತ್ತಿರದ ನಕ್ಷತ್ರ ಹಿಂದಿನ ನಕ್ಷತ್ರಗಳ ಎದುರು ಹೆಬ್ಬೆರಳಿನಂತೆ ಹಾರುತ್ತದೆ. ಹಾರಿದುದರ ಅರ್ಧವೇ ಪ್ಯಾರಲಾಕ್ಸ್. ನಮ್ಮ ಹಳೆಯ ಸಿದ್ಧಾಂತಗ್ರಂಥಗಳು ಗ್ರಹಣದ ಗಣಿತದಲ್ಲಿ ಇಂಥ ಪಲ್ಲಟಕ್ಕೆ ಲಂಬನವೆಂದು ಹೆಸರಿಟ್ಟಿವೆ. ಆ ಮಾತನ್ನೇ ಬಳಸೋಣ. ಡಿಗ್ರಿಯ ಅರವತ್ತನೆಯ ಭಾಗ ಒಂದು ಕಲೆ, ಕಲೆಯ ಅರವತ್ತನೆಯ ಭಾಗ ಒಂದು ವಿಕಲೆ. ಲಂಬನ ಸರಿಯಾಗಿ ಒಂದು ವಿಕಲೆಯಾದರೆ ದೂರ ಒಂದು ಪಾರ್ಸೆಕ್. “ಅರ್ಧ ವಿಕಲೆಯಾದರೆ?” ಎಂದೆ. “ಎರಡು ಪಾರ್ಸೆಕ್” ಎಂದಳು, ಬೆರಳನ್ನು ಇಳಿಸದೆಯೇ. ಹತ್ತನೆಯ ಒಂದು ಭಾಗವಾದರೆ ಹತ್ತು. ಗಣಿತವೆಲ್ಲ ಇಷ್ಟೇ. ಕೋನವನ್ನು ತಲೆಕೆಳಗು ಮಾಡಿದರೆ ದೂರ ಬರುವಂತೆ ಹೊಲಿದ ಅಂಗಿ ಈ ಮಾನ. ಪ್ಯಾರಲಾಕ್ಸ್ ಮತ್ತು ಸೆಕೆಂಡ್ ಎಂಬ ಎರಡು ಶಬ್ದಗಳ ತಲೆಗಳನ್ನು ಜೋಡಿಸಿ ೧೯೧೩ರಲ್ಲಿ ಹರ್ಬರ್ಟ್ ಟರ್ನರ್ ಎಂಬ ಇಂಗ್ಲಿಷ್ ಜ್ಯೋತಿರ್ವಿದನು ಸೂಚಿಸಿದ ಹೆಸರು.

ಒಂದು ವಿಕಲೆಯೆಂದರೆ ಎಷ್ಟು ಸಣ್ಣದು? ಹತ್ತು ರೂಪಾಯಿಯ ನಾಣ್ಯವನ್ನು ಐದೂವರೆ ಕಿಲೋಮೀಟರ್ ಆಚೆ ಹಿಡಿದರೆ ಅದು ಕಾಣುವ ಅಗಲ ಒಂದು 
ವಿಕಲೆ. ಸೂರ್ಯನ ಹೊರತು ಯಾವ ನಕ್ಷತ್ರವೂ ಅಷ್ಟು ದೊಡ್ಡ ಲಂಬನವನ್ನು ತೋರಿಸುವುದಿಲ್ಲ. ಪ್ರಾಕ್ಸಿಮಾದ ಲಂಬನವೇ ೦.೭೭ ವಿಕಲೆ, ಎಂದರೆ ನಾಣ್ಯ ಏಳು ಕಿಲೋಮೀಟರಿಗೂ ಆಚೆ ಹೋಯಿತು. ನಕ್ಷತ್ರವೊಂದರ ಲಂಬನವನ್ನು ನಂಬಬಹುದಾದಂತೆ ಅಳೆದು ಬೆಸ್ಸೆಲ್ ಪ್ರಕಟಿಸಿದ್ದು ೧೮೩೮ರಲ್ಲಿ. ರಾಜಹಂಸ ಮಂಡಲದ ೬೧ ಸಿಗ್ನಿ ಎಂಬ ಮಂಕು ನಕ್ಷತ್ರಕ್ಕೆ ಸುಮಾರು ೦.೩೧ ವಿಕಲೆ. ಭೂಮಿ ಸೂರ್ಯರ ಅಂತರದ ೬ ಲಕ್ಷ ೫೭ ಸಾವಿರ ಪಟ್ಟಿಗೂ ಮಿಕ್ಕ ದೂರ ಎಂದು ಅವನ ಲೆಕ್ಕ. ನಾಣ್ಯದ ಈ ಉದಾಹರಣೆಯನ್ನು ಕೇಳಿದ ಹುಡುಗಿ, ತನ್ನ ಪುಸ್ತಕದಲ್ಲಿದ್ದ ಹತ್ತರ ಹದಿನಾರನೆಯ ಘಾತದ ಸಂಖ್ಯೆಯನ್ನು ಎರಡನೆಯ ಸಲ ಓದಿ, “ಇದು ಮೀಟರು, ಅವರು ಅಳೆದದ್ದು ಇದನ್ನಲ್ಲ” ಎಂದಳು.

ಭೌತಶಾಸ್ತ್ರದ ಮಿತ್ರರ ಆಕ್ಷೇಪಣೆ ಇರುವುದು ಇಲ್ಲಿಯೇ. ಅವರ ಪ್ರಕಾರ ೧೯೬೦ರಲ್ಲಿ ಅಂತರರಾಷ್ಟ್ರೀಯ ಮಾನಪದ್ಧತಿ ಬಂದ ಮೇಲೆ ಮೀಟರ್, ಕಿಲೋಗ್ರಾಂ, ಸೆಕೆಂಡುಗಳಲ್ಲದೆ ಬೇರೊಂದನ್ನು ಕಲಿಸುವುದೇ ಅನವಶ್ಯಕ. ಮಾನಗಳು ಹೆಚ್ಚಿದಷ್ಟೂ ಗೊಂದಲ. ೧೯೯೯ರ ಸೆಪ್ಟೆಂಬರಿನಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ಅಮೆರಿಕದ ನೌಕೆ ಮಂಗಳನ ಬಳಿ ನಾಶವಾದುದು ಏಕೆ? ಒಂದು ಕಡೆಯವರು ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆಯವರು ನ್ಯೂಟನ್ನಿನ ಲೆಕ್ಕವೆಂದು ತಿಳಿದದ್ದರಿಂದ. ನಾನೂ ಅವರಿಗೆ ನಮ್ಮ ಕಡೆಯ ಒಂದು ನಿದರ್ಶನವನ್ನು ಒದಗಿಸಿದೆ: ಆರ್ಯಭಟೀಯದಲ್ಲಿ ಭೂಮಿಯ ವ್ಯಾಸ ೧,೦೫೦ ಯೋಜನ, ಸೂರ್ಯಸಿದ್ಧಾಂತದಲ್ಲಿ ೧,೬೦೦ ಯೋಜನ. ಭೂಮಿ ಬೆಳೆಯಲಿಲ್ಲ, ಯೋಜನ ಬೇರೆ.

ಆದರೆ ಇವುಗಳಿಂದ ಮಿತ್ರರು ತೆಗೆಯುವ ತೀರ್ಮಾನವನ್ನು ನಾನು ಒಪ್ಪಲಾರೆ. ಪೌಂಡು ನ್ಯೂಟನ್ನುಗಳ ಪ್ರಮಾದವು ಮಾನದ ಹೆಸರನ್ನು ಹೇಳದೆ ಅಂಕಿಯನ್ನಷ್ಟೇ ದಾಟಿಸಿದುದರ ಫಲ. ಅಂಕಿಯನ್ನಷ್ಟೇ ದಾಟಿಸುವ ಆ ಕೆಲಸವನ್ನು ನಮ್ಮ ತರಗತಿಗಳು ದಿನವೂ ಮಾಡುತ್ತಿಲ್ಲವೆ? ಮೀಟರೊಂದೇ ಸಾಕೆಂದು ಹಟ ಹಿಡಿದರೆ, ಶಾಲೆಯನ್ನು ಬಿಟ್ಟು ಹೊರಗೆ ಬಂದ ಹುಡುಗ ಯಾವ ಖಗೋಳದ ಪುಸ್ತಕವನ್ನೂ ಓದಲಾರದವನಾಗುತ್ತಾನೆ. ಆಂಡ್ರೊಮಿಡಾ ಬ್ರಹ್ಮಾಂಡ ೨೫ ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದೆ ಎಂದು ಹೇಳುವ ಲೋಕದಲ್ಲಿ ಅವನು ಬದುಕಬೇಕು. ಮೀಟರು ಮೊದಲು ಬರಲಿ, ಚೆನ್ನಾಗಿ ಬೇರೂರಲಿ. ಅದರ ಮೇಲೆ ವಿಶೇಷ ಮಾನಗಳು ಒಂದೊಂದಾಗಿ, ಕರೆದಾಗ ಬರಲಿ.

ಪರಮಾಣುವಿನ ಕಡೆಯ ಸಣ್ಣ ಮಾನಗಳಿಗೂ ನಿಯಮ ಇದೇ. ನೂರು ಗ್ರಾಮಿನ ಒಂದು ಮಾವಿನಕಾಯಿಯನ್ನು ಒಂದು ಮೀಟರ್ ಎತ್ತಲು ಸುಮಾರು ಒಂದು ಜೂಲ್ ಶಕ್ತಿ ಬೇಕು ಎಂಬುದು ಕೈಗೆ ತಿಳಿದಿರಬೇಕು. ಎಲೆಕ್ಟ್ರಾನೊಂದು ಒಂದು ವೋಲ್ಟಿನ ಅಂತರವನ್ನು ಹಾಯ್ದಾಗ ಪಡೆಯುವ ಶಕ್ತಿಯ ಲೆಕ್ಕವನ್ನು ಮಾಡಿರಬೇಕು. ಆಮೇಲೆ ಎಲೆಕ್ಟ್ರಾನ್‌ವೋಲ್ಟ್ ಬಂದರೆ, ಜಲಜನಕದ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು ೧೩.೬ ಎಲೆಕ್ಟ್ರಾನ್‌ವೋಲ್ಟ್ ಸಾಕು ಎಂಬ ಮಾತಿಗೆ ರುಚಿ ಬರುತ್ತದೆ. ಆಂಗ್‌ಸ್ಟ್ರಮಿನ ಕೆಲಸವನ್ನು ಈಗ ಬಹುಮಟ್ಟಿಗೆ ನ್ಯಾನೋಮೀಟರ್ ಮಾಡುತ್ತಿದೆ. ಹಳೆಯ ಪುಸ್ತಕಗಳನ್ನು ಓದುವವರಿಗೆ ಗುರುತಿದ್ದರೆ ಸಾಕು. ಬಾರ್ನ್ ಎಂಬುದನ್ನಂತೂ ಪರೀಕ್ಷೆಯಿಂದ ಬಿಡುಗಡೆ ಮಾಡಿ ಕಥೆಯಾಗಿ ಹೇಳಬೇಕು. ೧೯೪೨ರಲ್ಲಿ, ಅಣುಬಾಂಬಿನ ಗುಟ್ಟಿನ ಕೆಲಸದಲ್ಲಿದ್ದ ಅಮೆರಿಕದ ಇಬ್ಬರು ವಿಜ್ಞಾನಿಗಳು, ಬಂದು ಬಡಿಯುವ ಕಣಕ್ಕೆ ಪರಮಾಣುವಿನ ಬೀಜ ದನದ ಕೊಟ್ಟಿಗೆಯಷ್ಟು ದೊಡ್ಡ ಗುರಿಯೆಂದು ತಮಾಷೆ ಮಾಡಿ, ಚದರ ಮೀಟರಿನಲ್ಲಿ ಹತ್ತರ ಋಣ ಇಪ್ಪತ್ತೆಂಟನೆಯ ಘಾತದಷ್ಟು ಕ್ಷೇತ್ರಕ್ಕೆ ಕೊಟ್ಟಿಗೆ ಎಂದೇ ಹೆಸರಿಟ್ಟರು. ಕೇಳಿಸಿಕೊಂಡ ಪರರಿಗೆ ಗುಟ್ಟು ತಿಳಿಯಬಾರದೆಂಬುದೂ ಒಂದು ಉದ್ದೇಶ. ನಮ್ಮ ವಿದ್ಯಾರ್ಥಿಗಳಿಗೆ ಆ ಗುಟ್ಟು ಇನ್ನೂ ತಿಳಿದಂತಿಲ್ಲ.

ಅರವತ್ತು ಮಕ್ಕಳ ತರಗತಿ, ಮುಗಿಸಲೇಬೇಕಾದ ಪಾಠಗಳು, ತಲೆಯ ಮೇಲೆ ಪರೀಕ್ಷೆ, ಇವುಗಳ ನಡುವೆ ಹೆಬ್ಬೆರಳನ್ನು ಎತ್ತಿಸಲು ಹೊತ್ತೆಲ್ಲಿ ಎಂದು ಅಧ್ಯಾಪಕರು ಕೇಳಬಹುದು. ಹೆಬ್ಬೆರಳಿಗೆ ಪ್ರಯೋಗಶಾಲೆ ಬೇಡ, ಐದು ನಿಮಿಷ ಸಾಕು. ಕಷ್ಟವಿರುವುದು ಪ್ರಶ್ನೆಪತ್ರಿಕೆಯಲ್ಲಿ. ‘ಪಾರ್ಸೆಕ್ ಎಂದರೇನು?’ ಎಂಬ ಒಂದು ಅಂಕದ ಪ್ರಶ್ನೆ ಇರುವ ತನಕ ಗೋಡೆಯ ಪಟ್ಟಿ ಇಳಿಯುವುದಿಲ್ಲ. ಅದರ ಬದಲು, ‘ಒಂದು ನಕ್ಷತ್ರದ ಲಂಬನ ೦.೧ ವಿಕಲೆ, ಅದು ಪ್ರಾಕ್ಸಿಮಾಕ್ಕಿಂತ ಹತ್ತಿರವೋ ದೂರವೋ, ಹೇಗೆ ಹೇಳುವೆ?’ ಎಂದು ಕೇಳಿದರೆ ಬಾಯಿಪಾಠದವನು ತಡವರಿಸುತ್ತಾನೆ, ತಾರಸಿಯ ಮೇಲೆ ಬೆರಳೆತ್ತಿದವಳು ಬರೆಯುತ್ತಾಳೆ. ತಂದೆತಾಯಿಗಳೂ ಮನೆಯಲ್ಲಿ ‘ಎಷ್ಟು?’ ಎಂದು ಕೇಳುವುದನ್ನು ಬಿಟ್ಟು ‘ಅದನ್ನು ಹೇಗೆ ಅಳೆದರು?’ ಎಂದು ಕೇಳಬಹುದು. ಇದಕ್ಕೆ ಭೌತಶಾಸ್ತ್ರ ಬರಬೇಕಾಗಿಲ್ಲ.

೨೦೧೩ರಲ್ಲಿ ಯೂರೋಪಿನವರು ಹಾರಿಸಿದ ಗಾಯಾ ಎಂಬ ಉಪಗ್ರಹ ೨೦೨೫ರ ಜನವರಿಯ ವರೆಗೆ ಆಕಾಶವನ್ನು ನೋಡುತ್ತಿದ್ದು, ಇನ್ನೂರು ಕೋಟಿಗೆ ಸಮೀಪದಷ್ಟು ನಕ್ಷತ್ರಗಳನ್ನು ಗುರುತಿಸಿಕೊಂಡಿತು. ಅದು ಅಳೆದು ಕಳುಹಿಸಿದುದು ಕಿಲೋಮೀಟರುಗಳನ್ನಲ್ಲ, ಪಾರ್ಸೆಕ್ಕುಗಳನ್ನೂ ಅಲ್ಲ. ಬೆಸ್ಸೆಲ್ ಅಳೆದ ಬಗೆಯ ಕೋನಗಳನ್ನೇ, ವಿಕಲೆಯನ್ನು ಸಾವಿರಕ್ಕೂ ಮಿಕ್ಕಿ ಸೀಳಿ. ಅವನ್ನು ತಲೆಕೆಳಗು ಮಾಡಿ ದೂರವನ್ನು ಪಡೆಯುವ ಕೆಲಸ ಭೂಮಿಯ ಮೇಲೆ ಕುಳಿತವರದು.